ಗವಿಯ ಕರೆಂಟು ಕಾಯ್ದದ್ದು

ಇದನ್ನ ಯಾರ ಹತ್ರನೂ ಬಾಯಿ ಬಿಡ್ಬೇಡ ಅಂತ ಚೌಡಮ್ಮಜ್ಜಿ ಕೈ ಹಿಡ್ಕೊಂಡು ಹೇಳಿದ್ರು. ಒಂದ್ಸಲ ಅಲ್ಲ, ಮೂರು ಸಲ. ಹೇಳಿದ್ರೆ ಊರು ನನ್ ಮಗನ್ನ ನೋಡಿ ನಗ್ತದೆ ಅಂದ್ರು. ನಾನು ಹೂಂ ಅಂದಿದ್ದೆ. ಈಗ ಹೇಳ್ತಾ ಇದೀನಿ, ತಪ್ಪು ನಂದೇ. ನಗೋರು ನಕ್ಕೊಳ್ಳಿ, ಆದ್ರೆ ಕೊನೇ ತನಕ ಕೇಳಿ ಆಮೇಲೆ ನಗಿ.

ನೂಲಗೆರೆ ಅಂತ ಒಂದೂರು. ಊರ ತುಂಬ ಮಗ್ಗ. ಆ ಊರಲ್ಲಿ ಚೌಡಮ್ಮ ಅಂತ ಒಬ್ಳು ತಾಯಿ, ಅವಳಿಗೆ ಗವಿಯ ಅಂತ ಒಬ್ನೇ ಮಗ. ವಯಸ್ಸು ಮೂವತ್ತು. ಮೈಯಲ್ಲಿ ಎತ್ತಿನಂಥ ಶಕ್ತಿ, ಮನಸ್ಸು ಹಾಲಿನಂಥದ್ದು. ತಲೆ? ತಲೆನೂ ಇತ್ತು, ಇಲ್ಲ ಅನ್ನಂಗಿಲ್ಲ. ನೀವೊಂದು ಮಾತು ಹೇಳಿದ್ರೆ ಆ ಮಾತು ಸೀದಾ ಒಳಗೆ ಹೋಗಿ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಕೊಳ್ಳೋದು. ಆಮೇಲೆ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಒಂದಿನ ಚೌಡಮ್ಮ ಅವನನ್ನ ರಾಟೆ ಮುಂದೆ ಕೂರ್ಸಿ, ಎಳೆ ಕಡಿಯೋ ತನಕ ಕಂಡಿಕೆ ಸುತ್ತು, ಕಡಿದಾಗ ನನ್ನ ಕರಿ ಅಂತ ಹೇಳಿ ಬಟ್ಟೆ ಒಗೆಯೋಕೆ ಹೋದ್ಲು. ಕಂಡಿಕೆ ಅಂದ್ರೆ ಲಾಳಿ ಒಳಗೆ ಇಡೋ ನೂಲಿನ ಸುರುಳಿ, ಹೆಬ್ಬೆರಳು ಗಾತ್ರ ಇದ್ರೆ ಸಾಕು. ಚೌಡಮ್ಮ ಸಂಜೆ ಬಂದು ನೋಡ್ತಾಳೆ, ಕಂಡಿಕೆ ಸೋರೆಕಾಯಿ ಆಗಿದೆ. ಎಳೆ ಕಡೀಬಾರ್ದಲ್ಲ ಅಂತ ಒಂದು ಲಡಿ ಮುಗಿದಂಗೆ ಇನ್ನೊಂದು ಲಡಿ ಗಂಟು ಹಾಕಿದಾನೆ, ಅದು ಮುಗಿದಂಗೆ ಮತ್ತೊಂದು. ಮನೇಲಿದ್ದ ನೂಲೆಲ್ಲ ಅದರ ಹೊಟ್ಟೆಗೆ ಹೋಗಿದೆ.

"ಇನ್ನೂ ಕಡೀಲಿಲ್ಲ ಕಣವ್ವ," ಅಂದ ಗವಿಯ, ಸುತ್ತುತ್ತಲೇ.

ಚೌಡಮ್ಮ ಹಣೆ ಹಣೆ ಚಚ್ಕೊಂಡ್ಲು. ನಿಮ್ಮಪ್ಪನ ತಲೆ ನಿಂಗೆ ಚೂರಾದ್ರೂ ಬರ್ಬಾರ್ದಿತ್ತಾ ಅಂದ್ಲು.

ಅವರಪ್ಪ ರಾಮಲಿಂಗಯ್ಯನ ತಲೆ ಅಂದ್ರೆ ಅಂತಿಂಥಾ ತಲೆಯಲ್ಲ. ನೇಕಾರರ ಸೊಸೈಟಿ ಹಿಂದಿನ ಕೋಣೇಲಿ ಒಂದು ಕಂಪ್ಯೂಟರ್ ಇತ್ತು. ಇಪ್ಪತ್ತು ವರ್ಷ ಆಯಪ್ಪ ಅದರ ಮುಂದೆ ಕೂತು ಸೀರೆ ಅಂಚಿನ ಚಿತ್ರ ಬರೆದ. ಹಂಸ ಬರೆದ, ಹೀರೆಬಳ್ಳಿ ಬರೆದ, ಬಾಯಿ ತೆಕ್ಕೊಂಡಿರೋ ಮೊಸಳೆ ಬರೆದ. ಒಟ್ಟು ಮುನ್ನೂರ ಹನ್ನೆರಡು. ಊರ ಮಗ್ಗಗಳೆಲ್ಲ ಇವತ್ತಿಗೂ ನೇಯೋದು ಅದನ್ನೇ. ಎರಡು ವರ್ಷದ ಹಿಂದೆ ಆಯಪ್ಪ ಹೋಗ್ಬಿಟ್ಟ. ಕಾಗದದ ಮೇಲಿದ್ದ ಚಿತ್ರಗಳನ್ನ ಗೆದ್ಲು ತಿಂತು. ಮನೇಲಿ ಇದ್ದದ್ದು ಒಂದೇ ಫೋಟೋ, ಅದ್ರಲ್ಲೂ ಕಣ್ಣು ಮುಚ್ಕೊಂಡಿದ್ದ. ಹಂಗಾಗಿ ಚೌಡಮ್ಮನ ಪಾಲಿಗೆ ಗಂಡ ಅಂದ್ರೆ ಆ ಮುನ್ನೂರ ಹನ್ನೆರಡೇ.

ಆ ಕಂಪ್ಯೂಟರ್ ಮುದಿಯಾಗಿತ್ತು. ರಿಪೇರಿಯವನು ಬಿಚ್ಚಿ ನೋಡಿ, ಓಡ್ತಿರೋ ತನಕ ಓಡ್ತದೆ, ಒಂದ್ಸಲ ನಿಂತ್ರೆ ಮತ್ತೆ ಏಳಲ್ಲ ಅಂತ ಹೇಳ್ಬಿಟ್ಟಿದ್ದ. ಅದಕ್ಕೇ ಸೊಸೈಟಿ ಕಾರ್ಯದರ್ಶಿ ವನಜಾಕ್ಷಿ ಮೇಡಮ್ಮು ಅದನ್ನ ಹಗಲೂ ರಾತ್ರಿ ಆರಿಸ್ದೆ ಇಟ್ಟಿದ್ರು. ಅವರಿವರ ಕಾಲು ಹಿಡಿದು ಒಂದು ಹೊಸ ಕಂಪ್ಯೂಟರ್ ತರ್ಸಿ, ಹಳೇದರಿಂದ ಹೊಸದಕ್ಕೆ ಚಿತ್ರ ಇಳಿಸೋಕೆ ಹಾಕಿದ್ರು. ಒಂದೊಂದು ಚಿತ್ರಕ್ಕೆ ಐದೈದು ನಿಮಿಷ. ನಿನ್ನೆ ಮಧ್ಯಾಹ್ನ ಶುರುವಾದದ್ದು ಇವತ್ತು ಬೆಳಿಗ್ಗೆ ಹತ್ತಕ್ಕೆ ಇನ್ನೂ ನಲವತ್ತೆಂಟು ಬಾಕಿ.

ಅಷ್ಟರಲ್ಲಿ ಸುಟ್ಟ ವಾಸನೆ.

ಕಂಪ್ಯೂಟರ್ ಅಲ್ಲ, ಗೋಡೆ ಮೇಲಿನ ಹಳೇ ಫ್ಯೂಸ್ ಬೋರ್ಡು. ಮರದ ಹಲಗೆ ಒಂದು ಮೂಲೇಲಿ ಕರ್ರಗೆ ಇದ್ದಿಲಾಗಿ ಹೊಗೆ ಆಡ್ತಾ ಇದೆ. ವೈರ್‌ಮನ್ ಖಲೀಲ್ ಸಾಬ್ರು ಓಡಿ ಬಂದ್ರು. ಮೂಸಿ ನೋಡಿದ್ರು, ಮುಟ್ಟಿ ನೋಡಿದ್ರು. ಇದು ಮಧ್ಯಾಹ್ನದ ತನಕನೂ ತಡ್ಯಲ್ಲ, ಈಗಲೇ ಇದನ್ನ ಕಿತ್ತು ವೈರೆಲ್ಲ ಹೊಸ ಪ್ಯಾನೆಲ್ಲಿಗೆ ಹಾಕ್ಬೇಕು ಅಂದ್ರು. ಹಾಕ್ಬೇಕಂದ್ರೆ ಮೈನ್ ಆಫ್ ಮಾಡ್ಬೇಕು. ಮೈನ್ ಆಫ್ ಮಾಡಿದ್ರೆ ಕಂಪ್ಯೂಟರ್ ಹೋಗ್ತದೆ. ಕಂಪ್ಯೂಟರ್ ಹೋದ್ರೆ ರಾಮಲಿಂಗಯ್ಯ ಹೋಗ್ತಾನೆ.

ಸುದ್ದಿ ಕೇಳಿ ಮಗನ ಜೊತೆ ಓಡಿ ಬಂದಿದ್ದ ಚೌಡಮ್ಮ ಬಾಗಿಲ ಚೌಕಟ್ಟು ಹಿಡ್ಕೊಂಡ್ಲು.

ಖಲೀಲ್ ಸಾಬ್ರು ಗಡ್ಡ ತುರಿಸ್ಕೊಂಡ್ರು. ಎರಡೂ ಕಂಪ್ಯೂಟರಿಗೆ ಕರೆಂಟು ಕೊಡೋ ಯುಪಿಎಸ್ ಅಂತ ಒಂದು ಡಬ್ಬ ಕೆಳಗೆ ಇರ್ತದಲ್ಲ, ಒಳಗೆ ಬ್ಯಾಟರಿ ಇರ್ತದಲ್ಲ, ಅದು ಏಳು ನಿಮಿಷ ಎಳೀತದೆ. ಆ ಏಳು ನಿಮಿಷದೊಳಗೆ ಅದರ ಪ್ಲಗ್ ಕಿತ್ತು ಪಕ್ಕದ ಹಿಟ್ಟಿನ ಗಿರಣಿಯಿಂದ ಎಳೆದ ವೈರಿಗೆ ಸಿಗಿಸಿದ್ರೆ ಆಯ್ತು. ಆಮೇಲೆ ನಿಧಾನಕ್ಕೆ ಕೆಲಸ ಮುಗಿಸಿ, ಪ್ಲಗ್ ವಾಪಸ್ ಹೊಸ ಪ್ಯಾನೆಲ್ಲಿಗೆ ತಂದ್ರೆ ಆಯ್ತು. ಗಿರಣಿ ತಿಮ್ಮಯ್ಯನ್ನ ಕೇಳಿದ್ರೆ, ಅದಕ್ಕೇನಂತೆ, ತಗೊಳ್ಳಿ, ರಾಮಲಿಂಗಯ್ಯನ ಅಂಚಿನ ಸೀರೇಲೇ ನನ್ ಮಗಳು ಗಂಡನ ಮನೆಗೆ ಹೋಗಿದ್ದು ಅಂದ. ಮೋಟಾರು ಹಾಕಿದ್ರೆ ಕರೆಂಟು ಜಗ್ತದೆ ಅಂತ ಗಿರಣಿನೇ ನಿಲ್ಲಿಸ್ಬಿಟ್ಟ. ರಾಗಿ ಚೀಲ ಇಟ್ಕೊಂಡು ನಿಂತಿದ್ದ ಹೆಂಗಸರು ಒಬ್ರೂ ಗೊಣಗ್ಲಿಲ್ಲ. ಚೀಲದ ಮೇಲೆ ಕೂತು ಕಾಯ್ತೀವಿ ಬಿಡಿ ಅಂದ್ರು. ಚೌಡಮ್ಮನಿಗೆ ಯಾರಿಗೆ ಕೈ ಮುಗೀಬೇಕು ಅಂತ್ಲೇ ತಿಳೀಲಿಲ್ಲ. ಗಿರಣಿಗೇ ಕೈ ಮುಗಿದ್ಲು.

ಖಲೀಲ್ ಸಾಬ್ರ ಜೊತೆ ಕೆಲಸ ಮಾಡೋನು ಮದುವೆಗೆ ಹೋಗಿದ್ದ. ಯಾರಾದ್ರೂ ಒಬ್ರು ಬೇಕು ಅಂದ್ರು. ಅಲ್ಲಿದ್ದೋನು ಗವಿಯ. ಚೌಡಮ್ಮ ಬೇಡ ಸಾಬ್ರೆ, ಬೇಡ ಸಾಬ್ರೆ ಅಂದ್ಲು. ಸಾಬ್ರು, ಅವರಪ್ಪಂದು ಉಳಿಸೋ ಕೆಲಸ ಅಕ್ಕ, ಮಗಂದೂ ಒಂದು ಕೈ ಇರ್ಲಿ ಅಂದ್ರು. ಒಳ್ಳೇ ಮನುಷ್ಯ. ಗೊತ್ತಿರ್ಲಿಲ್ಲ ಪಾಪ.

ಮೊದ್ಲು ಹನ್ನೆರಡು ಚೀಟಿ ಕೊಟ್ಟು, ಬೋರ್ಡಿಂದ ಹೊರಡೋ ಒಂದೊಂದು ವೈರಿಗೂ ಒಂದೊಂದು ಹೆಸರು ಬರೆದು ಅಂಟ್ಸು, ಆಮೇಲೆ ಅದಲು ಬದಲು ಆಗ್ಬಾರ್ದು ಅಂದ್ರು. ಗವಿಯ ತಲೆ ಆಡ್ಸ್ದ. ಮಾತು ಒಳಗೆ ಹೋಯ್ತು, ಕೂತ್ಕೊಂಡ್ತು. ಸಾಬ್ರು ಗಿರಣಿಯಿಂದ ವೈರ್ ಎಳ್ಕೊಂಡು ಬಂದು ನೋಡ್ತಾರೆ, ಒಂದು ವೈರು ಕೆಂಪಿ, ಒಂದು ವೈರು ಪುಟ್ಟಿ, ಒಂದು ವೈರು ಕುಂಟ ಬಸವ. ದಪ್ಪಗಿದ್ದ ಎರಡಕ್ಕೆ ದೊಡ್ಡ ಗೌಡ, ಚಿಕ್ಕ ಗೌಡ ಅಂತ ಇಟ್ಟಿದಾನೆ.

"ಏನಪ್ಪಾ ಇದು?"

"ಹೆಸರಿಟ್ಟೆ ಸಾಬ್ರೆ. ಒಂದಿಟ್ಟಿದ್ದು ಇನ್ನೊಂದಕ್ಕೆ ಇಟ್ಟಿಲ್ಲ."

ಸಾಬ್ರು ಬೈದ್ರು. ಇಂಥ ಹೆಸರಲ್ಲ, ಯಾವುದು ಎಲ್ಲಿಗೆ ಹೋಗ್ತದೆ ಅನ್ನೋದನ್ನ ಬರಿ, ಅದೇ ಹೆಸರು ಅಂದ್ರು. ಮತ್ತೆ ಹನ್ನೆರಡು ಚೀಟಿ ಕೊಟ್ರು. ಗವಿಯ ತಲೆ ಆಡ್ಸ್ದ. ಮಾತು ಒಳಗೆ ಹೋಯ್ತು, ಕೂತ್ಕೊಂಡ್ತು. ಬೋರ್ಡಿಂದ ಹೊರಟ ವೈರು ಎಲ್ಲಿಗೆ ಹೋಗ್ತದೆ? ಒಂದೊಂದನ್ನೂ ಬೆರಳಲ್ಲಿ ತೋರಿಸ್ಕೊಂಡು ಬಗ್ಗಿ ಬಗ್ಗಿ ನೋಡ್ದ. ಹನ್ನೆರಡು ಚೀಟಿ ಮೇಲೂ ಮುದ್ದಾಗಿ ಬರೆದ: ಗೋಡೆ ಒಳಕ್ಕೆ.

ಚೌಡಮ್ಮ ಸೆರಗು ಬಾಯಿಗೆ ತುರುಕ್ಕೊಂಡ್ಲು. ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗ್ಲಿಲ್ಲ. ಖಲೀಲ್ ಸಾಬ್ರು ತಾವೇ ಕೂತು ಒಂದೊಂದೇ ಹುಡುಕಿ ಬರೆದ್ರು. ಬರೀತಾ ಬರೀತಾ ಬೈದ್ರು. ಗೊತ್ತಿಲ್ದಿದ್ರೆ ಬಾಯಿಲ್ವೇನೋ, ಇನ್ನು ಮೇಲೆ ಏನನ್ನೇ ಮುಟ್ಟೋಕೆ ಮುಂಚೆ ನನ್ನ ಒಂದು ಮಾತು ಕೇಳು ಅಂದ್ರು.

ಗವಿಯ ತಲೆ ಆಡ್ಸ್ದ. ಒಳಗೆ ಹೋಯ್ತು, ಕೂತ್ಕೊಂಡ್ತು.

ಏಣಿ ಮುಟ್ಲಾ ಸಾಬ್ರೆ ಅಂದ. ಮುಟ್ಟು ಅಂದ್ರು. ಏಣಿ ಇನ್ನೊಂದು ಕಾಲು ಮುಟ್ಲಾ ಸಾಬ್ರೆ ಅಂದ. ಮುಟ್ಟಪ್ಪ ಅಂದ್ರು. ಮೂಗು ಕೆರೀತದೆ ಸಾಬ್ರೆ, ಮುಟ್ಲಾ ಅಂದ. ಸಾಬ್ರು ಉತ್ತರ ಕೊಡ್ಲಿಲ್ಲ. ಪಾಪ, ಅವನು ಮೂಗು ಕೆರ್ಕೊಳ್ದೆ ಕಣ್ಣು ಕಿವುಚ್ಕೊಂಡು ಹಂಗೇ ನಿಂತಿದ್ದ.

ಅಂತೂ ಆ ಗಳಿಗೆ ಬಂತು. ಸಾಬ್ರು ಬಿಸ್ಮಿಲ್ಲಾ ಅಂದು ಯುಪಿಎಸ್ ಪ್ಲಗ್ ಕಿತ್ರು. ಡಬ್ಬ ಕುಂಯ್ ಅಂತು. ಚೌಡಮ್ಮ ಚೌಡೇಶ್ವರಿ ಅಂದ್ಲು. ಪ್ಲಗ್ ಗಿರಣಿ ವೈರಿಗೆ ಸಿಗಿಸಿದ್ರು. ಡಬ್ಬ ಸುಮ್ನಾಯ್ತು, ಹಸಿರು ದೀಪ ಬಂತು, ಕಂಪ್ಯೂಟರಿಗೆ ಏನಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ, ಇನ್ನೂರ ಎಪ್ಪತ್ತಾರನೇ ಚಿತ್ರ ಇಳಿಸ್ತಾನೇ ಇತ್ತು. ಮೈನ್ ಆಫ್ ಆಯ್ತು. ಹಳೇ ಬೋರ್ಡು ಕೆಳಗಿಳೀತು.

ಸ್ವಲ್ಪ ಹೊತ್ತಿಗೆ ಯಾವುದೋ ತಿರುಪು ಸಾಲ್ಲಿಲ್ಲ ಅಂತ ಸಾಬ್ರು ಅಂಗಡಿಗೆ ಹೋದ್ರು. ಗವಿಯನ್ನ ಡಬ್ಬದ ಪಕ್ಕ ಕೂರ್ಸಿದ್ರು. ಚೌಡಮ್ಮ ಆಚೆ ಜಗಲಿ ಮೇಲೆ ಕೂತಿದ್ಲು. ಅದೇ ಹೊತ್ತಿಗೆ ಒಂದು ಮೇಕೆ, ಯಾರ ಮನೇದೋ, ವೈರ್ ದಾಟೋಕೆ ಹೋಗಿ ಕಾಲು ಸಿಗಿಸ್ಕೊಂಡು ಜಗ್ತು. ಪ್ಲಗ್ ಕಿತ್ಕೊಂಡು ಬಂತು. ಡಬ್ಬ ಕುಂಯ್ ಕುಂಯ್ ಅಂತ ಅಳೋಕೆ ಶುರು ಮಾಡ್ತು.

ಗವಿಯ ಪ್ಲಗ್ ನೋಡ್ದ. ಪ್ಲಗ್ ಕೈಗೆ ಸಿಗೋಷ್ಟು ಹತ್ರ ಇತ್ತು. ಮುಟ್ಟೋಕೆ ಮುಂಚೆ ಕೇಳ್ಬೇಕಲ್ಲ. ಎದ್ದು ಅಂಗಡಿಗೆ ಹೊರಟ. ಅಲ್ಲಿ ಸಾಬ್ರು ಅಂಗಡಿಯವನ ಜೊತೆ ಮಾತಾಡ್ತಿದ್ರು. ದೊಡ್ಡೋರು ಮಾತಾಡ್ವಾಗ ಅಡ್ಡ ಬಾಯಿ ಹಾಕ್ಬಾರ್ದು, ಇದು ಅವ್ವ ಹೇಳಿದ್ದು, ಇದೂ ಒಳಗೇ ಕೂತಿತ್ತು. ಕೈ ಕಟ್ಕೊಂಡು ನಿಂತ. ಸಾಬ್ರು ಮಾತು ಮುಗ್ಸಿ ತಿರುಗಿ ನೋಡೋ ತನಕ ನಿಂತ.

"ಸಾಬ್ರೆ, ಪ್ಲಗ್ ಬಿದ್ದೋಗಿದೆ. ಎತ್ತಿ ಸಿಗಿಸ್ಲಾ?"

ಖಲೀಲ್ ಸಾಬ್ರಿಗೆ ಅರವತ್ತು ವರ್ಷ, ಮಂಡಿ ನೋವು. ಅವತ್ತು ಓಡಿದ ಓಟ ಊರು ಇನ್ನೂ ಮರ್ತಿಲ್ಲ. ಬಂದು ನೋಡಿದ್ರೆ ಹಸಿರು ದೀಪ ಉರೀತಿದೆ, ಚೌಡಮ್ಮ ನೆಲದ ಮೇಲೆ ಕೂತು ಪ್ಲಗ್ಗನ್ನ ಎರಡೂ ಕೈಯಲ್ಲಿ ಗಿರಣಿ ವೈರಿನ ಸಾಕೆಟ್ಟಿಗೆ ಒತ್ತಿ ಹಿಡ್ಕೊಂಡಿದಾಳೆ. ಜೀವಮಾನದಲ್ಲಿ ಪ್ಲಗ್ ಮುಟ್ಟಿದೋಳಲ್ಲ. ಡಬ್ಬದ ಅಳು ಕೇಳಿ ಒಳಗೆ ಬಂದು, ಮೂರು ತೂತು ನೋಡಿ, ಮೂರು ಕಡ್ಡಿ ನೋಡಿ, ಕಣ್ಣು ಮುಚ್ಕೊಂಡು ಚುಚ್ಚಿದ್ಲಂತೆ. ಬಿಡಿ ಅಕ್ಕ, ಇನ್ನು ಬೀಳಲ್ಲ ಅಂದ್ರೂ ಬಿಡ್ಲಿಲ್ಲ.

ಈ ಸಲ ಬೈದೋಳು ಚೌಡಮ್ಮ. ಕೇಳೋಕೆ ಹೋಗೋ ಹೊತ್ತಾ ಅದು, ಏನೂ ಕೇಳ್ಬೇಡ, ಎಲ್ಲೂ ಹೋಗ್ಬೇಡ, ಗುಡಿಯ ನಂದಾದೀಪ ನೋಡ್ಕೊಂಡಂಗೆ ಇದನ್ನ ನೋಡ್ಕೋ ಅಂದ್ಲು. ಗವಿಯ ತಲೆ ಆಡ್ಸ್ದ. ಒಳಗೆ ಹೋಯ್ತು, ಕೂತ್ಕೊಂಡ್ತು.

ನಂದಾದೀಪ ಹೆಂಗೆ ನೋಡ್ಕೋತಾರೆ? ಗಾಳಿ ತಾಗಿಸಲ್ಲ. ಸಾಬ್ರು ಆಚೆ ಮೀಟರ್ ಹತ್ರ ಇದ್ದಾಗ ಗವಿಯ ಕಿಟಕಿ ಮುಚ್ಚಿದ. ಕಂಪ್ಯೂಟರ್ ಪಕ್ಕ ಮೇಡಮ್ಮು ಅದೇ ಡಬ್ಬಕ್ಕೆ ಸಿಗಿಸಿ ಇಟ್ಟಿದ್ದ ಮೇಜಿನ ಫ್ಯಾನು ಆರ್ಸ್ದ. ಕಂಪ್ಯೂಟರ್ ಬೆನ್ನಲ್ಲಿ ಒಂದು ಪುಟ್ಟ ಫ್ಯಾನು ತಾನಾಗೇ ತಿರುಗ್ತಿತ್ತಲ್ಲ, ಅದು ಹೆಂಗೆ ಆರಿಸೋದು ತಿಳೀಲಿಲ್ಲ. ತನ್ನ ಹೆಗಲ ಮೇಲಿದ್ದ ಟವಲ್ಲು ಸುತ್ತಿ, ಮೇಲೊಂದು ಗೋಣಿ ಹೊದಿಸಿ, ಎರಡೂ ಕೈ ಬೊಗಸೆ ಮಾಡಿ ಹಸಿರು ದೀಪಕ್ಕೆ ಅಡ್ಡ ಹಿಡ್ಕೊಂಡು ಉಸಿರು ಬಿಗಿ ಹಿಡಿದು ಕೂತ.

ವನಜಾಕ್ಷಿ ಮೇಡಮ್ಮು ಎಷ್ಟಾಯ್ತು ಅಂತ ನೋಡೋಕೆ ಬಂದ್ರು. ಕೋಣೆ ಬೇಯ್ತಾ ಇದೆ. ಕಂಪ್ಯೂಟರ್ ಮೇಲೆ ಕೈ ಇಟ್ರೆ ರೊಟ್ಟಿ ಹಂಚು. ಗೋಣಿ ಕಿತ್ತೆಸೆದು, ಕಿಟಕಿ ತೆಗೆದು, ಫ್ಯಾನು ಹಾಕಿ, ಅದು ತಣಿಯೋ ತನಕ ಅದರ ಬೆನ್ನು ಸವರ್ತಾ ನಿಂತ್ರು, ಜ್ವರ ಬಂದ ಮಗೂಗೆ ಸವರಿದಂಗೆ. ಅದು ಎರಡು ಸಲ ಗೊರಗೊರ ಅಂದು ಮತ್ತೆ ಸರಿಯಾಯ್ತು. ಮೇಡಮ್ಮು ಜೋರು ಮಾತಾಡೋರಲ್ಲ. ಮೆತ್ತಗೇ, ಗವಿಯಪ್ಪ, ಇದು ಬಿಸಿ ಆಗ್ಬಾರ್ದು, ನಿಮ್ಮಪ್ಪಂದು ಹೋಗ್ಬಿಡ್ತದೆ, ತಣ್ಣಗಿರ್ಬೇಕು, ತಣ್ಣಗಿರೋ ಹಂಗೆ ನೋಡ್ಕೋ ಅಂತ ಹೇಳಿ ಊಟಕ್ಕೆ ಹೋದ್ರು.

ಗವಿಯ ತಲೆ ಆಡ್ಸ್ದ.

ತಣ್ಣಗಿಡೋದು ಅವನಿಗೆ ಚೆನ್ನಾಗಿ ಗೊತ್ತು. ಮನೇಲಿ ಹಾಲಿನ ಪಾತ್ರೆ ತಣ್ಣಗಿಡೋನು ಅವನೇ. ಅಗಲ ಬೋಗುಣೀಲಿ ನೀರು ತುಂಬಿ ಅದರೊಳಗೆ ಪಾತ್ರೆ ಇಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸ್ಬೇಕು. ಗಿರಣಿಗೆ ಹೋಗಿ ಬೋಗುಣಿ ಕೇಳ್ದ, ನೀರು ತುಂಬ್ಕೊಂಡ. ತಲೆ ಮೇಲೆ ಬೋಗುಣಿ, ಹೆಗಲ ಮೇಲೆ ಒದ್ದೆ ಗೋಣಿ. ಹೊಸ್ತಿಲು ದಾಟ್ದ. ಇನ್ನು ಎರಡು ಹೆಜ್ಜೆ.

ಏಣಿ ಮೇಲಿದ್ದ ಖಲೀಲ್ ಸಾಬ್ರು ನೋಡಿದ್ರು. ಏಣಿಯಿಂದ ಹಾರಿದ್ರು. ಬೋಗುಣಿ ಹಿಡ್ಕೊಂಡ್ರು, ಗವಿಯನ್ನ ಹಿಡ್ಕೊಂಡ್ರು, ಎರಡನ್ನೂ ಬೀದಿಗೆ ತಂದು ಹಾಕಿದ್ರು. ಆಮೇಲೆ ಜಗಲಿ ಮೇಲೆ ಕೂತು ಅವನ ಎರಡೂ ಕೆನ್ನೆ ಹಿಡಿದು ಹೇಳಿದ್ರು.

"ಲೋ ಗವಿ. ನೀರು ಕರೆಂಟು ಒಂದಾದ್ರೆ ಕಂಪ್ಯೂಟರ್ ಒಂದೇ ಅಲ್ಲ, ನೀನೂ ಹೋಗ್ತೀಯ. ನಿಮ್ಮವ್ವನಿಗೆ ಇನ್ಯಾರಿದಾರೋ? ಒಂದು ಹನಿ ನೀರು ಈ ಬಾಗ್ಲು ದಾಟಿ ಒಳಗೆ ಬರ್ಬಾರ್ದು. ಯಾರೇ ತರ್ಲಿ, ಬಿಡ್ಬೇಡ. ಒಂದು ಹನಿ."

ಬೈಗುಳ ಅನ್ನೋದಕ್ಕೆ ಅದ್ರಲ್ಲಿ ಏನೂ ಇರ್ಲಿಲ್ಲ. ಅದಕ್ಕೇ ಏನೋ, ಆ ಮಾತು ಬೇರೆಲ್ಲ ಮಾತಿಗಿಂತ ಒಳಗೆ ಹೋಗಿ ಕೂತ್ಕೊಂಡ್ತು.

ಒಂದು ಗಂಟೆಗೆ ಹೊಸ ಪ್ಯಾನೆಲ್ಲು ಸಿದ್ಧ ಆಯ್ತು. ಬೆಳ್ಳಗೆ, ಸಾಲಾಗಿ ಹನ್ನೆರಡು ಗುಂಡಿ. ಸಾಬ್ರು ಮೈನ್ ಹಾಕಿದ್ರು, ಒಂದೊಂದೇ ಗುಂಡಿ ಎತ್ತಿದ್ರು, ಒಂದೂ ಕೆಳಗೆ ಬೀಳ್ಲಿಲ್ಲ. ಪ್ಲಗ್ ಕಿತ್ರು, ಡಬ್ಬ ಕುಂಯ್ ಅಂತು, ಹೊಸ ಪ್ಯಾನೆಲ್ಲಿನ ಸಾಕೆಟ್ಟಿಗೆ ಸಿಗಿಸಿದ್ರು, ಹಸಿರು ದೀಪ ಬಂತು. ಕಂಪ್ಯೂಟರ್ ಮುನ್ನೂರನೇ ಚಿತ್ರ ಮುಗಿಸಿ ಮುನ್ನೂರ ಒಂದಕ್ಕೆ ಕೈ ಹಾಕ್ತು. ಪಕ್ಕದಲ್ಲಿ ತಿಮ್ಮಯ್ಯನ ಗಿರಣಿ ಗಡಗಡ ಶುರುವಾಯ್ತು. ಚೌಡಮ್ಮ ಸಾಬ್ರ ಕಾಲಿಗೆ ಬಗ್ಗಿದ್ಲು. ಸಾಬ್ರು ಅಕ್ಕ ಅಕ್ಕ ಅಂತ ಹಿಂದಕ್ಕೆ ಸರಿದು, ಇನ್ನು ಒಂದು ಗಂಟೆ, ಮುಗೀತದೆ, ಅಲ್ಲಿ ತನಕ ಗವಿ ಕಾಯ್ಲಿ ಅಂದು ಮನೆಗೆ ಹೋದ್ರು.

ಊರಿಗೆ ಸುದ್ದಿ ಹೋಯ್ತು.

ಮೊದ್ಲು ಬಂದದ್ದು ವನಜಾಕ್ಷಿ ಮೇಡಮ್ಮು. ಬಿಸಿಲಲ್ಲಿ ನಡ್ಕೊಂಡು ಬಂದಿದ್ರು. ಗವಿಯ ಬಾಗಿಲಿಗೆ ಅಡ್ಡ ನಿಂತ. "ಮೇಡಮ್ಮೋರೆ, ನಿಮ್ಮ ಹಣೇಲಿ ನೀರಿದೆ," ಅಂದ. ಅವರು ಒರೆಸ್ಕೊಂಡ್ರು. ಮತ್ತೆ ಬಂತು. ಒಣಗಿಸ್ಕೊಂಡು ಬನ್ನಿ ಅಂದ.

ಆಮೇಲೆ ತಿಮ್ಮಯ್ಯ ಬಂದ, ಸಾಬ್ರಿಗೂ ಗವಿಯಂಗೂ ಅಂತ ಒಂದು ಬಿಂದಿಗೆ ಮಜ್ಜಿಗೆ ತಂದಿದ್ದ. ಬಿಡ್ಲಿಲ್ಲ. ರಾಗಿ ಚೀಲದ ಹೆಂಗಸರು ಬಂದ್ರು. ರಾಮಲಿಂಗಯ್ಯನ ಮಗನಿಗೆ ದೃಷ್ಟಿ ತೆಗೀಬೇಕು ಅಂತ ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ಹಿಡ್ಕೊಂಡು, ನೀರು ಚಿಮುಕಿಸಿದ ಮಲ್ಲಿಗೆ ಹಾರ ಹಿಡ್ಕೊಂಡು, ಕೆತ್ತಿದ ಎಳನೀರು ಹಿಡ್ಕೊಂಡು. ಪ್ರಪಂಚದಲ್ಲಿ ಒಂದು ಒಳ್ಳೇ ಮಾತಾಡೋಕೆ ಬರೋರು ಯಾರೂ ಒಣಗಿದ ಕೈಯಲ್ಲಿ ಬರಲ್ಲ ಅಂತ ಗವಿಯಂಗೆ ಅವತ್ತೇ ಗೊತ್ತಾಗಿದ್ದು. ಇಷ್ಟು ನೀರು ನೋಡಿ ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ದಡಕ್ಕಂತ ಬಾಗ್ಲು ಹಾಕಿ ಅಗುಳಿ ಜಡಿದ.

ಬಾಗಿಲಲ್ಲಿ ಅಂಗೈ ಅಗಲದ ಒಂದು ಗಾಜು. ಅದ್ರಲ್ಲಿ ಕಣ್ಣಿಟ್ರೆ ಹೊಸ ಕಂಪ್ಯೂಟರಿನ ಪರದೆ ಒಂದೇ ಕಾಣೋದು. ಜಗಲಿ ಮೇಲಿದ್ದ ಚೌಡಮ್ಮ ಎದ್ದು ಎಲ್ಲರನ್ನೂ ಸರ್ಸಿ ಗಾಜಿಗೆ ಕಣ್ಣಿಟ್ಲು. ಮುನ್ನೂರ ಹತ್ತು. ಹೆಂಗಸರು ಎಷ್ಟು ಎಷ್ಟು ಅಂತ ಹಿಂದಿಂದ ಕೇಳ್ತಿದ್ರು. ಮುನ್ನೂರ ಹನ್ನೊಂದು. ತಿಮ್ಮಯ್ಯ ಬಿಂದಿಗೆ ಕೆಳಗಿಟ್ಟ. ಮುನ್ನೂರ ಹನ್ನೆರಡು.

ಕೊನೇ ಚಿತ್ರ ಪರದೆ ಮೇಲೆ ತಾನಾಗೇ ತೆರ್ಕೊಂಡ್ತು. ರಾಮಲಿಂಗಯ್ಯ ಹೋಗೋ ಮುಂಚೆ ಬರೆದದ್ದು, ಯಾವ ಮಗ್ಗದ ಮೇಲೂ ಇನ್ನೂ ಹೋಗಿರ್ಲಿಲ್ಲ, ಚೌಡಮ್ಮನೂ ನೋಡಿರ್ಲಿಲ್ಲ. ಇರುವೆ ಸಾಲು. ಒಂದೊಂದು ಇರುವೆ ತಲೆ ಮೇಲೂ ಒಂದೊಂದು ಕಾಳು. ಎಲ್ಲ ಎಡದಿಂದ ಬಲಕ್ಕೆ ಹೋಗ್ತಾವೆ. ಒಂದೇ ಒಂದು ಇರುವೆ, ಅದರ ತಲೆ ಮೇಲೂ ಕಾಳು ಇದೆ, ಖುಷಿಯಾಗಿ ಬಲದಿಂದ ಎಡಕ್ಕೆ ಹೋಗ್ತಾ ಇದೆ. ಕೆಳಗೆ ಹೆಸರು ಬರೆದಿದ್ದ: ಗವಿ.

ಚೌಡಮ್ಮ ಗಾಜು ಬಿಟ್ಟು ಸರೀಲಿಲ್ಲ. ಕಣ್ಣಿಂದ ಧಾರೆ ಧಾರೆ. ಇಷ್ಟು ವರ್ಷ ಮಗನಿಗೆ ಅಪ್ಪನ ತಲೆ ಬರ್ಲಿಲ್ಲ, ಬರ್ಲಿಲ್ಲ ಅಂತ ಅಂದ್ಕೊಂಡಿದ್ಲು. ಆ ಅಪ್ಪ ಇವನನ್ನ ಒಂದು ದಿನವೂ ಕಡಿಮೆ ಅಂತ ನೋಡಿರ್ಲಿಲ್ಲ.

ಒಳಗೆ ಗವಿಯನೂ ಅದನ್ನೇ ನೋಡ್ತಾ ನಿಂತಿದ್ದ. ಇರುವೆ ನೋಡ್ದ, ಹೆಸರು ಓದ್ದ. ಮತ್ತೊಂದ್ಸಲ ಓದ್ದ. ಕೆನ್ನೆ ಮೇಲೆ ಏನೋ ಹರಿದಂಗಾಯ್ತು. ಬೆರಳಲ್ಲಿ ಮುಟ್ಟಿ ನೋಡ್ದ. ನೀರು. ಒಂದು ಹನಿ ಅಲ್ಲ, ಎಷ್ಟೋ ಹನಿ.

ಗಾಬರಿ ಬಿದ್ದ. ಯಾರೇ ತರ್ಲಿ ಬಿಡ್ಬೇಡ ಅಂದಿದ್ರಲ್ಲ ಸಾಬ್ರು. ತಾನೇ ತಂದ್ಬಿಟ್ಟಿದಾನೆ. ಎರಡೂ ಕೈಯಲ್ಲಿ ಮುಖ ಮುಚ್ಕೊಂಡು, ಒಂದು ಹನಿನೂ ಕೆಳಗೆ ಬೀಳ್ದಂಗೆ ತುದಿಗಾಲಲ್ಲಿ ಹಿತ್ತಲ ಬಾಗಿಲಿಂದ ಆಚೆ ಹೋದ. ಆಚೆಯಿಂದ ಚಿಲಕ ಹಾಕ್ದ. ದೂರ ಒಗೆಯೋ ಕಲ್ಲಿನ ಮೇಲೆ ಕೂತು, ಒಣಗ್ಲಿ ಅಂತ ಬಿಸಿಲಿಗೆ ಮುಖ ಒಡ್ಡಿದ. ಒಣಗ್ತಿತ್ತು, ಇರುವೆ ನೆನಪಾಗ್ತಿತ್ತು, ಮತ್ತೆ ಒದ್ದೆ ಆಗ್ತಿತ್ತು.

ಈ ಕಡೆ ಬಾಗಿಲ ಮುಂದೆ ಅರ್ಧ ಊರು. ಆರತಿ ತಟ್ಟೆ ಹಿಡಿದು ಕೈ ಸೋತೋರು ಕೈ ಬದಲಾಯಿಸ್ತಿದಾರೆ. ಊಟ ಮುಗ್ಸಿ ಬಂದ ಖಲೀಲ್ ಸಾಬ್ರು, ಮಜ್ಜಿಗೆ ಹೊರಗೇ ಯಾಕಿದೆ ಅಂತ ಕೇಳ್ತಿದಾರೆ. ಚೌಡಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಚೆನ್ನಾಗಿ ಒರೆಸ್ಕೊಂಡ್ಲು. ಬಾಗ್ಲು ಮೆತ್ತಗೆ ತಟ್ಟಿದ್ಲು.

"ಮಗಾ, ಒರೆಸ್ಕೊಂಡಿದೀನಿ ಕಣೋ, ನೋಡು. ಬಾಗ್ಲು ತೆಗಿ."

ಬಾಗ್ಲು ಹಾಕಿತ್ತು.

ಮತ್ತೆ ತಟ್ಟಿದ್ಲು. ಒಳಗೆ ಎರಡು ಕಂಪ್ಯೂಟರು, ಒಂದು ಹಸಿರು ದೀಪ, ಹೊಸ ಪ್ಯಾನೆಲ್ಲು. ಗವಿ, ನನ್ನಪ್ಪ, ತೆಗಿಯೋ ಅಂದ್ಲು. ಯಾರೂ ಓ ಅನ್ಲಿಲ್ಲ.